ನಿನ್ನ ಅಜ್ಜನ ಮೋಶೆ

ಅಕ್ಕೋಳ, ತಾ. ಚಿಕ್ಕೋಡಿ
ಶುಕ್ರವಾರ, 12 ಆಗಸ್ಟ್ 1994

ನನ್ನ ಬಂಗಾರದಂಥ ಮೊಮ್ಮಗಳು ರಾಹೇಲಳಿಗೆ,

ದೂರದಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ನಿನ್ನ ಆಯಿ ಬರೆಯುತ್ತಿದ್ದಾಳೆ. ಹೇಗಿದ್ದೀ ಕೂಸೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ನರ್ಸಿಂಗ್ ಹಾಸ್ಟೆಲ್ಲಿನ ಸಾರಿಗೆ ಮೂಗು ಮುರಿದು ಬರೀ ಚಹಾದ ಮೇಲೆ ಇರುತ್ತೀಯಾ? ಹೋದ ಸಲ ಬಂದಾಗ ನಿನ್ನ ಕೊರಳಿನ ಎಲುಬು ಕಾಣುತ್ತಿತ್ತು. ಮಿರಜದಲ್ಲಿಯೂ ಮಳೆ ಹಿಡಿದಿರಬೇಕು. ಒದ್ದೆ ತಲೆಯಲ್ಲಿ ವಾರ್ಡಿಗೆ ಹೋಗಬೇಡ. ನಾನು ಕೊಟ್ಟ ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು. ಇಲ್ಲಿ ನಾವೆಲ್ಲ ಕ್ಷೇಮ. ವೇದಗಂಗೆ ದಂಡೆ ಮೀರಿ ಹರಿಯುತ್ತಿದೆ. ನಮ್ಮ ಪ್ರಾರ್ಥನಾ ಮಂದಿರದ ಹೆಂಚು ಈ ಸಲವೂ ಬಲಗಡೆ ಸೋರಿದ್ದರಿಂದ ಎಲ್ಲರೂ ಎಡಗಡೆ ಒತ್ತಿಕೊಂಡು ಕೂತು ಹಾಡುತ್ತೇವೆ. ನನ್ನ ಮೊಣಕಾಲು ಮಳೆಗಾಲ ಮುಗಿಯುವ ತನಕ ನನ್ನ ಮಾತು ಕೇಳುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ನನ್ನ ಮಗ, ನಿಮ್ಮಪ್ಪ ಉತ್ತಮ, ಅಥಣಿಯಿಂದ ಬಂದು ಹೋದ. ನೀನು ನನಗೆ ಬರೆದದ್ದನ್ನು ನಾನು ಅವನಿಗೆ ಹೇಳಿಲ್ಲ.

ನಿನ್ನ ಕಾಗದವನ್ನು ಓದಿ ಮಡಚಿ, ಮತ್ತೆ ಬಿಚ್ಚಿ ಓದಿದೆ. ‘ಆಯಿಗೆ ಸೀರಿಯಸ್, ಕೂಡಲೇ ಬಾ’ ಎಂದು ತಂತಿ ಕಳಿಸು, ಆ ನೆವದಲ್ಲಿ ಗಂಟು ಕಟ್ಟಿಕೊಂಡು ಬಂದುಬಿಡುತ್ತೇನೆ, ತಿರುಗಿ ಹೋಗುವುದಿಲ್ಲ ಎಂದು ಬರೆದಿದ್ದೀ. ತಂತಿ ನಾನು ಕಳಿಸುವುದಿಲ್ಲ, ಮಗಳೇ. ಇಲ್ಲದ ಜಡ್ಡನ್ನು ಹೆಸರು ಹಿಡಿದು ಕರೆಯುವ ವಯಸ್ಸು ನನ್ನದಲ್ಲ, ಕರೆದರೆ ಓಡಿ ಬಂದೀತು. ಆದರೆ ನಿನ್ನ ಸಂಕಟ ಸಣ್ಣದು ಎಂದು ನಾನು ಹೇಳಲಾರೆ. ವಾರ್ಡಿನಲ್ಲಿ ಸಿಸ್ಟರ್ ಮುಂದೆ ರೋಗಿಯ ಹೆಸರು ಹೇಳಬೇಕಾದಾಗ ತುಟಿ ಕೂಡಿಕೊಂಡು ಬಿಚ್ಚಲೇ ಇಲ್ಲ, ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು ಎಂದು ಬರೆದಿದ್ದೀ. ಅದರ ಮೇಲೆ ಈಗ ಹಾಸ್ಟೆಲ್ಲಿನ ವಾರ್ಡನ್ ಬಾಯಿಯವರು ಬರುವ ತಿಂಗಳ ಮೊದಲ ಭಾನುವಾರದ ಪ್ರಾರ್ಥನೆಯಲ್ಲಿ ‘ಮೋಶೆಯ ಜೀವನ ಮತ್ತು ನಂಬಿಕೆ’ ಕುರಿತು ನೀನೇ ಮಾತಾಡಬೇಕು ಎಂದಿದ್ದಾರೆ. ‘ಆಯಿ, ಮೋಶೆ ಅನ್ನೂ ಹೆಸರs ನನ್ನ ಬಾಯಾಗಿಂದ ಬರೂದಿಲ್ಲ’ ಎಂದು ಕೊನೆಗೆ ಬರೆದಿದ್ದೀಯಲ್ಲ, ಅಲ್ಲಿ ಶಾಯಿ ಹರಡಿತ್ತು. ಅದನ್ನು ನೋಡಿ ನನಗೆ ನಿನ್ನ ಅಜ್ಜ ನೆನಪಾದರು. ಅದಕ್ಕೇ ಇಂದು ರೊಟ್ಟಿ ಬೇಗ ಮುಗಿಸಿ ಬರೆಯಲು ಕೂತಿದ್ದೇನೆ. ರಾಯಬಾಗದ ಶಾಲೆಯಲ್ಲಿ ಏಳನೇ ಇಯತ್ತೆ ತನಕ ಓದಿದ ಪುಣ್ಯ, ಕಾಗದದ ಮೇಲೆ ಶಾಲೆಯ ಭಾಷೆಯೇ ಬರುತ್ತದೆ. ಬಾಯಿಯ ಮಾತು ಬಂದಲ್ಲಿ ಬಾಯಿಯಂತೆಯೇ ಬರೆಯುತ್ತೇನೆ, ನಗಬೇಡ.

ನಿನಗೆ ಗೊತ್ತಿರುವ ಅಜ್ಜ ಅನಂತಪುರದ ದ್ರಾಕ್ಷಿ ತೋಟದ ಅಜ್ಜ. ರಜೆಯಲ್ಲಿ ನೀನು ಅಥಣಿಯಿಂದ ನಿಮ್ಮಪ್ಪನ ಸೈಕಲ್ಲಿನ ಮೇಲೆ ಬಂದರೆ ಗುಡಿಸಲಿನ ಮುಂದೆ ಕವಣೆ ಹಿಡಿದು ಹಕ್ಕಿ ಓಡಿಸುತ್ತ ಕೂತಿರುತ್ತಿದ್ದವರು, ಉದುರಿದ ಹಣ್ಣನ್ನು ತೊಳೆದು ನಿನ್ನ ಲಂಗದ ಮಡಿಲಿಗೆ ಹಾಕುತ್ತಿದ್ದವರು. ಮಾತು ಕಡಿಮೆ, ಹಾಡು ಹೆಚ್ಚು. ಅವರು ಉಗ್ಗುತ್ತಿದ್ದರು ಎಂಬುದು ನಿನಗೆ ನೆನಪಿದೆಯೋ ಇಲ್ಲವೋ, ಯಾಕೆಂದರೆ ಹಾಡುವಾಗ ಅವರ ಬಾಯಿ ಎಲ್ಲಿಯೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಆದರೆ ಆ ತೋಟಕ್ಕೆ ಹೋಗುವ ಮೊದಲು ಅವರು ನಿಪ್ಪಾಣಿಯಲ್ಲಿ ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಹಮಾಲರಾಗಿದ್ದರು. ನಾನೂ ಅದೇ ವಖಾರಿಯಲ್ಲಿ ಉಳಿದ ಹೆಂಗಸರ ಜೊತೆ ಜರಡಿ ಹಿಡಿಯುತ್ತಿದ್ದೆ. ಅಲ್ಲಿಂದ ಅವರು ಯಾಕೆ ಹೊರಗೆ ಬಂದರು ಎಂಬುದನ್ನು ನಾವು ಮಕ್ಕಳ ಮುಂದೆ ಎಂದೂ ಆಡಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೆವು. ನಾನು ಮುಂದಿನ ಸೀಟಿನಲ್ಲಿ ಹೆಂಗಸರ ನಡುವೆ, ಅವರು ಹಿಂದೆ ನಿಂತುಕೊಂಡು. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಗಾಳಿಯಲ್ಲಿ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಈಗಲೂ ಯಾರಾದರೂ ಹತ್ತಿರದಲ್ಲಿ ಬೀಡಿ ಹಚ್ಚಿದರೆ ನನಗೆ ಕೆಮ್ಮಿನ ಜೊತೆ ಆ ದಿನಗಳೂ ಬರುತ್ತವೆ. ಏನು ನಗು, ಏನು ಹಾಡು, ಏನು ಜಗಳ! ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕಣ್ಣಷ್ಟೇ ಬಿಟ್ಟು ಕೂತ ಹೆಂಗಸರು, ಕಣ್ಣಿನಲ್ಲೇ ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿದ್ದೆವು. ಹಮಾಲರೆಲ್ಲ ನಿನ್ನ ಅಜ್ಜನನ್ನು ‘ಉಗ್ಗ ಸತ್ಯಾ’ ಎಂದೇ ಕರೆಯುತ್ತಿದ್ದರು. ನಾನಂತೂ ಅವರಿದ್ದಾಗ ಸತ್ಯಪ್ಪ ಎಂಬ ಹೆಸರನ್ನು ಬಾಯಿಂದ ಆಡಿದವಳಲ್ಲ. ಕರೆದವರಿಗೆಲ್ಲ ಅವರು ನಕ್ಕು ಓಗೊಡುತ್ತಿದ್ದರು. ಸಿಟ್ಟು ನನಗೇ ಬರುತ್ತಿತ್ತು.

ಅದು 1982ರ ಬೇಸಿಗೆ. ಹೆಂಗಸರು ಸೊಂಟದಲ್ಲಿ ತಂಬಾಕು ಕಟ್ಟಿಕೊಂಡು ಹೋಗುತ್ತಾರೆ ಎಂಬ ಸಂಶಯಕ್ಕೆ ಸಾಹುಕಾರರು ನಾವು ಒಳಗೆ ಹೋದ ಕೂಡಲೇ ಹೊರಗಿನಿಂದ ಕೀಲಿ ಹಾಕಿಸತೊಡಗಿದ್ದರು. ಕಿಟಕಿಗಳು ಮೇಲೆ, ಅಂಗೈಯಷ್ಟು. ಒಂದು ಮಧ್ಯಾಹ್ನ ಲಕ್ಕವ್ವ ಜರಡಿಯ ಮೇಲೆಯೇ ಕುಸಿದು ಬಿದ್ದಳು. ಆಕೆ ತುಂಬಿದ ಬಸುರಿ. ಧೂಳಿನಲ್ಲಿ ಆಕೆಗೆ ಉಸಿರು ಸಿಗುತ್ತಿರಲಿಲ್ಲ. ನಾವು ಬಾಗಿಲು ಬಡಿದೆವು, ಕಿರುಚಿದೆವು. ಹೊರಗೆ ಲಾರಿಗೆ ಹೇರುತ್ತಿದ್ದ ನಿನ್ನ ಅಜ್ಜ ಚೀಲ ಎಸೆದು ಓಡಿ ಬಂದರು. ಕೀಲಿಕೈ ದಿವಾಣಜಿಯ ಹತ್ತಿರ, ದಿವಾಣಜಿ ಚೌಕದ ಚಹಾದ ಅಂಗಡಿಯಲ್ಲಿ. ದಿವಾಣಜಿ ಎಂದರೆ ಸಾಹುಕಾರರ ಲೆಕ್ಕ ನೋಡುವವನು, ಭಾವುಸಾಹೇಬ ಅಂತ. ಇವರು ಅಲ್ಲಿಗೆ ಓಡಿ ಹೋಗಿ ಹೇಳಲು ನೋಡಿದರೆ ಮೊದಲ ಅಕ್ಷರದಲ್ಲೇ ಬಾಯಿ ನಿಂತುಬಿಟ್ಟಿತು. ‘ಬಾ... ಬಾ...’ ಎಂದದ್ದೇ ಬಂತು. ಭಾವುಸಾಹೇಬ ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದುತ್ತ, ‘ಅರೇ, ಮಾತಾಡಾಕ ಬರದಿದ್ರ ಹಾಡಿ ಹೇಳಲೇ ಸತ್ಯಾ’ ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರಾಹೇಲ, ನಿನ್ನ ಅಜ್ಜ ಹಾಡಿದರು. ಆ ನಗುವವರ ನಡುವೆ ನಿಂತು, ನಾವು ಭಾನುವಾರ ಹಾಡುವ ರಾಗದಲ್ಲಿ, ‘ಬಾಗಿಲಾ ತೆಗಿರಿ, ಲಕ್ಕವ್ವ ಸಾಯ್ತಾಳ್ರಿ’ ಎಂದು ಹಾಡಿ ಹೇಳಿದರು. ಹಾಡು ಮುಗಿಯುವ ಮೊದಲೇ ಎಲ್ಲರ ನಗು ನಿಂತಿತ್ತು. ಭಾವುಸಾಹೇಬ ಬಸಿ ಕೆಳಗಿಟ್ಟು ಎದ್ದು ಓಡಿದ.

ಲಕ್ಕವ್ವ ಬದುಕಿದಳು. ಹೊಟ್ಟೆಯ ಕೂಸು ಉಳಿಯಲಿಲ್ಲ.

ಅದಾದ ಮೇಲೆ ನಿನ್ನ ಅಜ್ಜ ಉಂಡರೂ ಉಂಡ ಹಾಗಿರಲಿಲ್ಲ. ‘ನನ್ನ ಬಾಯಿ ನೆಟ್ಟಗಿದ್ದರ ಆ ಕೂಸು ಇರ್ತಿತ್ತು’ ಎಂಬ ಒಂದೇ ಮಾತನ್ನು ಎಷ್ಟೋ ಹೊತ್ತು ತೆಗೆದುಕೊಂಡು ಹೇಳಿದರು. ಕೀಲಿ ಹಾಕಿದವರು ಬೇರೆಯವರು ಎಂದು ನಾನು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಚಿಕ್ಕೋಡಿಯಿಂದ ಸಭಾಪಾಲಕರು ಬಂದಿದ್ದರು. ಅವರು ಓದಿದ್ದು ಮೋಶೆಯ ಕಥೆ. ಜಂಬುಹುಲ್ಲಿನ ಪೆಟ್ಟಿಗೆಯಲ್ಲಿ ನೈಲ್ ನದಿಯ ಮೇಲೆ ತೇಲಿದ ಕೂಸು, ಅರಮನೆಯಲ್ಲಿ ಬೆಳೆದದ್ದು, ತನ್ನ ಜನರನ್ನು ಹೊಡೆಯುವುದನ್ನು ನೋಡಲಾರದೆ ಕೈಯೆತ್ತಿ ಊರು ಬಿಟ್ಟದ್ದು, ಮಾವನ ಕುರಿ ಕಾಯುತ್ತ ಅಡವಿಯಲ್ಲಿ ವರುಷ ಕಳೆದದ್ದು. ಅಲ್ಲಿ ಸುಟ್ಟುಹೋಗದೆ ಉರಿಯುವ ಪೊದೆಯೊಳಗಿನಿಂದ ದೇವರು ಕರೆದು, ಐಗುಪ್ತಕ್ಕೆ ಹೋಗಿ ಅಲ್ಲಿನ ಅರಸ ಫರೋಹನ ಮುಂದೆ ನಿಂತು ಜೀತದಲ್ಲಿರುವ ನನ್ನ ಜನರನ್ನು ಬಿಡು ಎಂದು ಹೇಳು ಎಂದಾಗ ಮೋಶೆ ಕೊಟ್ಟ ಉತ್ತರ ಏನು? ನನಗೆ ಮಾತು ಬಾರದು, ನನ್ನ ನಾಲಿಗೆ ಭಾರ, ಬೇರೆ ಯಾರನ್ನಾದರೂ ಕಳಿಸು ಎಂದ. ನಿನ್ನ ಅಜ್ಜ ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದವರೇ. ಆದರೆ ಆ ದಿನ ಗಂಡಸರ ಸಾಲಿನಲ್ಲಿ ಕೂತವರು ಒಮ್ಮೆಲೇ ತಲೆ ಎತ್ತಿದ್ದನ್ನು ನಾನು ಇತ್ತ ಕಡೆಯಿಂದ ನೋಡಿದೆ.

ಆ ವಾರವೇ ವಖಾರಿಯ ಹೆಂಗಸರು ಬೇವಿನ ಮರದ ಕೆಳಗೆ ಕೂಡಿದರು. ಕೀಲಿ ಹಾಕಬೇಡಿರಿ ಎಂದು ಸಾಹುಕಾರರಿಗೆ ಯಾರಾದರೂ ಹೇಳಬೇಕು. ನಾನು ಮುಂದಾದೆ. ಬಾಯಿಯ ವಿಷಯದಲ್ಲಿ ನನಗೆ ಯಾರ ಭಯವೂ ಇರಲಿಲ್ಲ. ಆದರೆ ಚನ್ನವ್ವ ಎಂಬ ಹಿರಿಯಳು, ‘ತಾರವ್ವಾ, ನೀ ಮಾತಾಡಿದ್ರ ಜಗಳಾ ಆಕ್ಕೈತಿ. ನಿನ್ನ ಗಂಡ ಮಾತಾಡಿದ್ರ ಮಾತು ಆಕ್ಕೈತಿ. ಆಂವಾ ಸುಳ್ಳಾಡಿದ್ದು ಯಾರೂ ಕಂಡಿಲ್ಲ’ ಎಂದಳು. ಎಲ್ಲರೂ ಹೌದೆಂದರು. ಇವರು ಕೈ ಮುಗಿದು ಬೇಡವೆಂದರು. ಹೆಂಗಸರು ಬಿಡಲಿಲ್ಲ. ಕೊನೆಗೆ ಬಂದೇ ಬಂದರು, ನಾನು ಪಕ್ಕದಲ್ಲಿರಬೇಕೆಂಬ ಕರಾರಿನ ಮೇಲೆ.

ಸಾಹುಕಾರರ ಗಾದಿಯ ಮುಂದೆ ನಿಂತ ಆ ಗಳಿಗೆ ನನಗೆ ಇವತ್ತಿಗೂ ಮೈಯಲ್ಲಿದೆ. ‘ಕಾಯ್, ಏನ್ ಬೇಕು?’ ಎಂದು ಮರಾಠಿ ಬೆರೆಸಿ ಕೇಳಿದರು ಸಾಹುಕಾರರು, ತಲೆ ಎತ್ತದೆ. ಇವರು ಬಾಯಿ ತೆಗೆದರು. ಮತ್ತೆ ಅದೇ ಅಕ್ಷರ, ಅದೇ ಬಾಗಿಲು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿತು. ಭಾವುಸಾಹೇಬ ಮೂಲೆಯಲ್ಲಿ ಕೆಮ್ಮಿದ. ನನಗೆ ತಡೆಯಲಾಗಲಿಲ್ಲ, ಆ ಮಾತನ್ನು ನಾನೇ ಆಡಿಬಿಡೋಣವೆಂದು ಮುಂದೆ ಬಂದೆ. ನಿನ್ನ ಅಜ್ಜ ಕಣ್ಣು ತೆರೆಯದೆಯೇ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ಹೆಂಗಸರೆಲ್ಲ ಸುಮ್ಮನೆ ಕಾದರು. ಆಮೇಲೆ ಮಾತು ಬಂತು. ‘ಬಾಗಿಲಾ ತೆಗದಿಟ್ಟು ಕೆಲಸಾ ಮಾಡಸ್ರಿ. ಒಳಗಿರೂವ್ರು ಮನಶ್ಯಾರದಾರ್ರಿ.’ ಇಷ್ಟೇ. ಸಾಹುಕಾರರು ಲೇಖಣಿ ಕೆಳಗಿಟ್ಟು ತಲೆ ಎತ್ತಿದರು. ಆಗಲಿ ಎಂದರು.

ಇಲ್ಲಿಗೇ ಮುಗಿದಿದ್ದರೆ ನಿನಗೆ ಹೇಳಲು ಸುಲಭವಾಗುತ್ತಿತ್ತು. ಆದರೆ ಫರೋಹನೂ ಹಾಗೆಯೇ ಅಲ್ಲವೇ? ಕಷ್ಟ ಬಂದಾಗ ಹೋಗಿ ಎನ್ನುವನು, ಕಷ್ಟ ಕಳೆದ ಮೇಲೆ ಎದೆ ಕಲ್ಲು ಮಾಡಿಕೊಳ್ಳುವನು. ಕೆಲವು ದಿನ ಬಾಗಿಲು ತೆರೆದಿತ್ತು, ಮತ್ತೆ ಕೀಲಿ ಬಿತ್ತು. ಇವರು ಮತ್ತೆ ಹೋದರು, ಮತ್ತೆ ಅಷ್ಟೇ ಹೊತ್ತು ಉಗ್ಗಿ ಅದೇ ಮಾತು ಹೇಳಿದರು. ತೆರೆಯಿತು, ಮತ್ತೆ ಬಿತ್ತು. ಹೀಗೆ ಎಷ್ಟು ಸಲವೋ. ‘ಮೋಶೆ ಹೋದಂಗ ಹೋಗೂದು, ಬ್ಯಾಸರ ಮಾಡಕೋಬಾರದು’ ಎನ್ನುತ್ತಿದ್ದರು. ಆದರೆ ಒಂದು ದಿನ ಒಳಗೆ ಯಾರೋ ಜೋರಾಗಿ ಕೆಮ್ಮಿ ನರಳಿದ್ದು ಹೊರಗಿದ್ದ ಅವರಿಗೆ ಕೇಳಿಸಿತು. ಮತ್ತೆ ಲಕ್ಕವ್ವನಂತೆಯೇ ಆಯಿತೆಂದುಕೊಂಡರೋ ಏನೋ, ಹಾರೆ ತಂದು ಒಂದೇ ಏಟಿಗೆ ಕೀಲಿ ಮುರಿದರು. ಬಾಗಿಲು ತೆರೆದು ನಿಂತವರ ಮುಖವನ್ನು ನಾನು ಗುರುತಿಸಲಿಲ್ಲ, ಅಷ್ಟು ಸಿಟ್ಟು. ಆ ಸಂಜೆಯೇ ಅವರನ್ನು ಕೆಲಸದಿಂದ ತೆಗೆದರು. ಸಾಹುಕಾರರ ಆಸ್ತಿ ಮುರಿದವನಿಗೆ ವಖಾರಿಯ ಅಂಗಳದಲ್ಲಿ ಕಾಲಿಡಲು ಅಪ್ಪಣೆಯಿಲ್ಲ ಎಂದರು.

ಮರುದಿನ ಹೆಂಗಸರು ಒಳಗೆ ಹೋಗಲಿಲ್ಲ. ಬೇವಿನ ಮರದ ಕೆಳಗೆ ಕೂತರು. ಮಳೆಯ ಮೋಡ ಇಣುಕುತ್ತಿತ್ತು, ಮಾಲು ಒಳಗೆ ಹಾಗೆಯೇ ಬಿದ್ದಿತ್ತು. ನಾವು ಕೂತ ದಿನಗಳು ಹೆಚ್ಚಾದಂತೆ ಗೊಣಗಾಟವೂ ಹೆಚ್ಚಿತು. ‘ಒಳಗ ಉಸರ ಕಟ್ಟತಿತ್ತು ಖರೆ, ಹೊಟ್ಟಿ ಅರ ತುಂಬತಿತ್ತು, ಈ ಉಗ್ಗನ ಮಾತ ಕೇಳಿ ಕೆಟ್ಟೆವು’ ಎಂದು ನನ್ನ ಬೆನ್ನ ಹಿಂದೆಯೇ ಒಬ್ಬಳು ಅಂದಳು. ಸಮುದ್ರದ ದಂಡೆಯಲ್ಲಿ ನಿಂತು ಐಗುಪ್ತವೇ ಲೇಸಾಗಿತ್ತು ಎಂದು ಮೋಶೆಯನ್ನು ಬೈದವರು ನನಗೆ ಆಗ ಅರ್ಥವಾದರು. ಅವರೂ ಕೆಟ್ಟವರಲ್ಲ ರಾಹೇಲ, ಹಸಿದವರು. ಕೊನೆಗೆ ಸಾಹುಕಾರರು ಭಾವುಸಾಹೇಬನ ಕೈಯಲ್ಲಿ ಹೇಳಿ ಕಳಿಸಿದರು. ಬಾಗಿಲಿಗೆ ಇನ್ನು ಕೀಲಿ ಹಾಕುವುದಿಲ್ಲ, ಕೊಂಡಿಯನ್ನೇ ಕಿತ್ತಿಸುತ್ತೇವೆ, ಆದರೆ ಸತ್ಯಪ್ಪ ಒಳಗೆ ಬರಕೂಡದು. ಚನ್ನವ್ವ ಒಪ್ಪಲಿಲ್ಲ. ಆಂವಾ ಇಲ್ಲದ ನಾವೂ ಇಲ್ಲ ಎಂದಳು. ಆಗ ರಸ್ತೆಯ ಆಚೆ ನಿಂತಿದ್ದ ನಿನ್ನ ಅಜ್ಜನೇ ಬಂದು, ‘ನನ್ನ ಸಲುವಾಗಿ ಹೊರಗ ಕೂಡಬ್ಯಾಡ್ರೀ ಯವ್ವಾ. ಬಾಗಿಲಾ ತೆಗದೈತಿ, ಹೋಗ್ರಿ’ ಎಂದರು. ಆ ಮಾತು ಹೇಳುವಾಗ ಒಂದು ಅಕ್ಷರವೂ ಸಿಕ್ಕಲಿಲ್ಲ.

ಮುಂದೆ ಅವರಿಗೆ ನಿಪ್ಪಾಣಿಯಲ್ಲಿ ಯಾವ ವಖಾರಿಯಲ್ಲೂ ಕೆಲಸ ಸಿಗಲಿಲ್ಲ. ಅನಂತಪುರದ ಕಾಕಾಸಾಹೇಬರು, ದೇವರಂಥ ಜೈನ ರೈತರು, ತಮ್ಮ ದ್ರಾಕ್ಷಿ ತೋಟ ಕಾಯಲು ಕರೆದರು. ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಂಥ ಒಂದು ಶನಿವಾರ ಕೆಲಸ ಬಿಡುವ ಹೊತ್ತಿಗೆ ನನ್ನನ್ನು ಕರೆದುಕೊಂಡು ಹೋಗಲು ವಖಾರಿಯ ಎದುರು ಬಂದು ನಿಂತಿದ್ದರು. ನಾನು ಹೊರಬಂದಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ಕಲ್ಲು ಒಡ್ಡಿ ತೆರೆದಿಟ್ಟ ಬಾಗಿಲನ್ನೂ ಒಳಗೆ ಬಿದ್ದ ಸಂಜೆಯ ಬಿಸಿಲನ್ನೂ ನೋಡುತ್ತಿದ್ದರು. ‘ಮೋಶೆನೂ ಬೆಟ್ಟದ ಮ್ಯಾಲಿಂದ ನೋಡಿದಾ ಅಷ್ಟs’ ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಬಸ್ಸಿನುದ್ದಕ್ಕೂ ದೇವರ ಜೊತೆ ಜಗಳವಾಡಿದೆ. ಅಷ್ಟು ವರುಷ ಆ ಹಟಮಾರಿ ಜನರನ್ನು ಅಡವಿಯಲ್ಲಿ ಹೊತ್ತು ನಡೆದವನು, ನೀರಿಗಾಗಿ ಬಂಡೆಯೊಡನೆ ಮಾತಾಡು ಎಂದರೆ ಸಿಟ್ಟಿನಲ್ಲಿ ಕೋಲಿನಿಂದ ಹೊಡೆದ, ಅಷ್ಟಕ್ಕೇ, ಆ ಜನರಿಗೆ ಮಾತು ಕೊಟ್ಟ ಕಾನಾನ್ ದೇಶವನ್ನು ಬೆಟ್ಟದಿಂದ ನೋಡು, ಕಾಲಿಡಬೇಡ ಎನ್ನುವುದೇ? ನಾನಾಗಿದ್ದರೆ ಒಳಗೆ ಬಿಡುತ್ತಿದ್ದೆ ಎಂದೆ. ನಿನ್ನ ಅಜ್ಜ ನಕ್ಕು, ‘ಸಿಟ್ಟು ನಂದs ಇತ್ತಲ್ಲ. ಮಂದಿ ಒಳಗ ಹೋದ್ರು, ನನಗ ಅಷ್ಟs ಬೇಕಾಗಿತ್ತು’ ಎಂದರು. ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಸತ್ತ ಮೋಶೆಯನ್ನು ಮಣ್ಣು ಮಾಡಿದವನು ದೇವರೇ ಅಂತೆ. ಮನುಷ್ಯರ ಕೈಗೆ ಬಿಡಲಿಲ್ಲ. ಅದೊಂದು ಮಾತಿಗಾಗಿ ದೇವರನ್ನು ಕ್ಷಮಿಸಿದ್ದೇನೆ. ಹೀಗೆಂದೆನೆಂದು ವಾರ್ಡನ್ ಬಾಯಿಯವರಿಗೆ ಹೇಳಬೇಡ.

ಇನ್ನು ನಿನಗೆ ಬೇಕಾದದ್ದನ್ನು ಹೇಳುತ್ತೇನೆ. ಅಜ್ಜ ತೀರಿಕೊಳ್ಳುವ ಹಿಂದಿನ ವರುಷ, ಇಂಥದೇ ಮಳೆ. ಸೇತುವೆಯ ಮೇಲೆ ನೀರು ಬಂದು ಸಭಾಪಾಲಕರು ಬರಲಾಗಲಿಲ್ಲ. ಹಾಡು ಮುಗಿಯಿತು, ಪ್ರಸಂಗ ಮಾಡುವವರಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇವರು ಎದ್ದು ಮುಂದೆ ಹೋದರು. ಯಾರೂ ಕೇಳದೆ ತಾವಾಗಿಯೇ ಎದ್ದರಲ್ಲ ಎಂದು ನಾನು ನೋಡುತ್ತಲೇ ಇದ್ದೆ. ಮೋಶೆಯ ಕಥೆಯನ್ನೇ ಹೇಳಿದರು, ಬಹಳ ಹೊತ್ತು ಹಿಡಿಯಿತು. ಸಣ್ಣ ಮಕ್ಕಳು ಮಡಿಲಲ್ಲಿ ನಿದ್ದೆ ಹೋದರು. ಒಬ್ಬರೂ ಎದ್ದು ಹೋಗಲಿಲ್ಲ, ಒಬ್ಬರೂ ಅವರ ಮಾತನ್ನು ತಾವು ಮುಗಿಸಿ ಕೊಡಲಿಲ್ಲ. ಅವರು ಹೇಳಿದ್ದು ಇಷ್ಟು. ‘ಮೋಶೆ ಅಂದಾ, ನನ್ನ ನಾಲಿಗಿ ಭಾರ ಐತಿ ಅಂತ. ದೇವರು ಏನ ಮಾಡಿದಾ? ನಾಲಿಗಿ ಹಗೂರ ಮಾಡಿದ್ನೇನು? ಇಲ್ಲ. ಅದs ನಾಲಿಗಿ ತಗೊಂಡು ನಡಿ, ನಾ ನಿನ್ನ ಬಾಯಿ ಜೋಡಿ ಇರ್ತೀನಿ ಅಂದಾ. ಮುಂದ ಎಲ್ಲ್ಯೂ ಅವನ ನಾಲಿಗಿ ನೆಟ್ಟಗಾತು ಅಂತ ಬರದಿಲ್ಲ. ನಾ ಹುಡುಕೀನಿ.’ ಆ ‘ಹುಡುಕೀನಿ’ ಎಂಬ ಮಾತಿಗೆ ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ನಮ್ಮ ಸಭೆಯವಳಲ್ಲ, ಲಿಂಗಾಯತರ ಮನೆಯವಳು. ಸತ್ಯಪ್ಪಣ್ಣ ಇದ್ದಾನೆಂದು ಅಂದು ನಮ್ಮನ್ನು ನೋಡಲು ಬಂದವಳು ಕೂತೇಬಿಟ್ಟಿದ್ದಳು.

ನಾನು ಆಮೇಲೆ ಕೂತು ಓದಿ ನೋಡಿದೆ. ಮೊದಮೊದಲು ಮೋಶೆಯ ಬದಲು ಅಣ್ಣ ಆರೋನ ಮಾತಾಡುತ್ತಾನೆ. ಬರಬರುತ್ತ ಮೋಶೆಯೇ ಮಾತಾಡತೊಡಗುತ್ತಾನೆ. ಕಡೆಗಾಲದಲ್ಲಂತೂ ಒಂದು ಇಡೀ ಕಾಂಡದಷ್ಟು ಮಾತಾಡುತ್ತಾನೆ, ಮಾತೇ ಬಾರದು ಎಂದವನು. ನಾಲಿಗೆ ಸರಿಹೋಯಿತೆಂದು ಅಲ್ಲ, ಹೇಳಬೇಕಾದದ್ದು ಅಷ್ಟಿತ್ತು. ನಂಬಿಕೆ ಎಂದರೆ ಹೆದರಿಕೆ ಇಲ್ಲದಿರುವುದು ಎಂದು ನಾನು ತಿಳಿದಿದ್ದೆ. ನಿನ್ನ ಅಜ್ಜ ಆ ಗಾದಿಯ ಮುಂದೆ ನಿಂತಾಗ ಅವರ ಕಾಲು ನಡುಗುತ್ತಿದ್ದದ್ದನ್ನು ನೋಡಿದವಳು ನಾನೊಬ್ಬಳೇ. ನಡುಗುವ ಕಾಲಿನ ಮೇಲೆಯೇ ಅವರು ನಿಂತಿದ್ದರು. ಮೋಶೆಯ ಬಗ್ಗೆ ದೊಡ್ಡ ದೊಡ್ಡ ಮಾತು ಹುಡುಕಬೇಡ, ಮಗಳೇ. ನಿನಗೆ ಏನು ತೋರುತ್ತದೆಯೋ ಅದನ್ನು ಹೇಳು. ನಕ್ಕ ಹುಡುಗಿಯರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ಅವರೂ ತಾಯಿ ತಂದೆಯನ್ನು ಬಿಟ್ಟು ಬಂದ ಕೂಸುಗಳೇ.

ಮಳೆ ಜೋರಾಯಿತು, ಆಡನ್ನು ಒಳಗೆ ಕಟ್ಟಬೇಕು. ಲಕ್ಕವ್ವ, ಚನ್ನವ್ವ ನಿನ್ನನ್ನು ಕೇಳಿದ್ದಾರೆ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನನ್ನ ಆಶೀರ್ವಾದ ಹೇಳು. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ತಮ್ಮ ಮನೆಗೆ ನಡೆದು ಹೋಗಲಿ. ನಿನ್ನನ್ನು ಹುಟ್ಟಿಸಿದವನು ನಿನ್ನ ಬಾಯಿಯ ಸಂಗಡ ಇರಲಿ.

ನಿನ್ನ ದಾರಿಯನ್ನೇ ನೋಡುವ
ಆಯಿ,
ತಾರವ್ವ

ತಾ.ಕ.: ಪೋಸ್ಟಿನವನು ಬಂದು ನಿಂತಿದ್ದಾನೆ, ಅದಕ್ಕೆ ಗಡಿಬಿಡಿಯಲ್ಲಿ. ಆ ಭಾನುವಾರ ನಾನೇ ಮಿರಜಕ್ಕೆ ಬರುತ್ತೇನೆ. ಚಿಕ್ಕೋಡಿಯಿಂದ ಕಾಗವಾಡದ ಮೇಲೆ ಹೋಗುವ ಬಸ್ಸು ಸಿಗುತ್ತದೆಯಂತೆ, ಉತ್ತಮ ಅಥಣಿಯಿಂದ ಬಂದು ಅದರಲ್ಲಿ ಕೂಡಿಸಿ ಕೊಡುತ್ತಾನೆ. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ಮಾತು ಎಲ್ಲಿ ನಿಂತರೂ ನಿಲ್ಲಲಿ, ನಾನು ಬಾಯಿ ಹಾಕುವುದಿಲ್ಲ. ರಾತ್ರಿಯ ಬಸ್ಸಿಗೆ ಓಡಬೇಕೆಂಬ ಅವಸರವೂ ನನಗಿಲ್ಲ. ನಿನ್ನ ಮಾತೆಲ್ಲ ಮುಗಿದ ಮೇಲೆಯೂ ನಿನಗೆ ಮನೆಗೇ ಬರಬೇಕು ಅನ್ನಿಸಿದರೆ, ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬರೋಣ, ಯಾಕೆಂದು ಕೇಳುವುದಿಲ್ಲ. ಆದರೆ ಮೊದಲು ಮಾತಾಡು.